ಆರ್ಟೀಮಿಯಾ ಮೊಟ್ಟೆ: ಒಂದು ಡಬ್ಬಿ ಚಿನ್ನ, ಇನ್ನೊಂದು ದಂಡ

ಕುಮಟಾ ಹತ್ತಿರ ನಮ್ಮ ಸಿಗಡಿ ಹೊಂಡದ ಪಕ್ಕ ಒಂದು ಸಣ್ಣ ಉಪ್ಪುನೀರಿನ ಹೊಂಡ ಇದೆ, ಸಿಗಡಿ ಮರಿಗಳ ಮೇವಿಗೆ ಅಂತ ಆರ್ಟೀಮಿಯಾ (ಉಪ್ಪುನೀರಿನಲ್ಲಿ ಬದುಕುವ, ಸಿಗಡಿಯಂಥ ಪುಟ್ಟ ಜೀವಿ) ಬೆಳೆಸಲು ಮಾಡಿದ್ದು. ಮೊಟ್ಟೆ ಆನ್‌ಲೈನ್‌ನಲ್ಲಿ ತರಿಸಿದೆ, ಎರಡು ಡಬ್ಬಿ. ಮೊದಲನೆಯದು ನಿಜಕ್ಕೂ ಚೆನ್ನಾಗಿತ್ತು. ಬಕೆಟ್ಟಿನಲ್ಲಿ ಲೀಟರಿಗೆ 25-30 ಗ್ರಾಂ ಉಪ್ಪು, ಜೋರಾಗಿ ಗಾಳಿ, ಮೇಲೊಂದು ಬಲ್ಬು, ಅಷ್ಟೇ. ಮರುದಿನ ನೀರಿನ ತುಂಬ ಕಿತ್ತಳೆ ಬಣ್ಣದ ಚುಕ್ಕಿಗಳು, ಟಾರ್ಚ್ ಹಿಡಿದ ಕಡೆಗೇ ಗುಂಪಾಗಿ ಬರುತ್ತವೆ, ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಎರಡನೆಯ ಡಬ್ಬಿಯ ಮುಚ್ಚಳದ ಒಳಗೆ ತೇವ ಇತ್ತು. ಮೊಟ್ಟೆ ಗಂಟು ಕಟ್ಟಿತ್ತು, ಅರ್ಧಕ್ಕರ್ಧ ಒಡೆಯಲೇ ಇಲ್ಲ. ವಾಪಸ್ ತಗೊಳ್ಳಿ ಅಂದರೆ ಒಪ್ಪಲಿಲ್ಲ. ಇಷ್ಟು ದುಡ್ಡು ಕೊಟ್ಟ ಮೇಲೆ ಬೇಜಾರಾಗುತ್ತದೆ ಅಲ್ವಾ?

ಡಬ್ಬಿ ಮೇಲೆ ಬರೆದಿರುವುದು ಬಕೆಟ್ಟಿನ ಲೆಕ್ಕ, ಅದನ್ನೇ ಹೊಂಡಕ್ಕೆ ಹಿಡಿಯಬೇಡಿ. ಹೊಂಡದಲ್ಲಿ ಉಪ್ಪು ಲೀಟರಿಗೆ 80 ಗ್ರಾಂ ದಾಟಿರಬೇಕು, ಇಲ್ಲದಿದ್ದರೆ ಮೀನು, ಕೀಟ ಬಂದು ತಿಂದುಬಿಡುತ್ತವೆ, ಇವಕ್ಕೆ ಉಪ್ಪೇ ಬೇಲಿ. ವಿಯೆಟ್ನಾಂನ ವಿನ್ ಚಾವ್ ಉಪ್ಪಿನ ಗದ್ದೆಗಳಲ್ಲೂ ಮಳೆ ಇಲ್ಲದ ತಿಂಗಳುಗಳಲ್ಲೇ ಬೆಳೆಸುತ್ತಾರೆ. ಮಳೆ ಬಿದ್ದರೆ ಹೊಂಡದ ಉಪ್ಪು ಇಳಿಯುತ್ತದೆ, ಅದಕ್ಕೇ ನಮ್ಮಲ್ಲಿ ಮೇ ಕೊನೆಯೊಳಗೆ ಬಲೆ ಹಾಕಿ ತೆಗೆದುಬಿಡಿ. ಮೊದಲ ಡಬ್ಬಿಯ ಮರಿಗಳು ಮೂರು ವಾರಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದಿವೆ.