ಮನೆ ಹಿತ್ತಲಿಗೆ ಸಿದ್ದು ಹಲಸಿನ ಕಸಿ ಗಿಡ: ನಮ್ಮ ಅನುಭವ

ಹಿತ್ತಲಲ್ಲಿ ಸ್ವಲ್ಪ ಜಾಗ ಇದ್ದು, ಹಲಸು ಬೆಳೆಸುವ ಆಸೆಯೂ ಇದ್ದರೆ ಸಿದ್ದು ತಳಿಯ ಕಸಿ ಗಿಡವನ್ನೇ ತನ್ನಿ. ನಮ್ಮಲ್ಲಿ ಕರಿಬೇವು, ನಿಂಬೆ, ಸೀಬೆ, ದಾಸವಾಳ ಮೊದಲೇ ಇದ್ದವು. ನಾಲ್ಕು ಕಾಲ ಬಾಳುವ ಒಂದು ದೊಡ್ಡ ಮರ ಬೇಕು ಅಂತ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಇದನ್ನು ತಂದೆವು.

ಮೊದಲು ಹಣ್ಣಿನ ವಿಷಯ. ತೊಳೆ ತಾಮ್ರದಂಥ ಕೆಂಪು, ಗಟ್ಟಿ, ಒಳ್ಳೆ ಸಿಹಿ. ಹಣ್ಣು ಎರಡೂವರೆ ಕೆಜಿ ಆಸುಪಾಸು ತೂಗುತ್ತದೆ. ನನಗೆ ತುಂಬಾ ಹಿಡಿಸಿದ್ದೇ ಇದು. ಹದಿನೈದು ಕೆಜಿ ಹಲಸು ಕೊಯ್ದರೆ ಬೀದಿಗೆಲ್ಲ ಹಂಚಿದರೂ ಮಿಗುತ್ತದೆ. ಇದನ್ನು ಸಂಜೆ ಬಿಡಿಸಿದರೆ ಮನೆಮಂದಿ ಕೂತಲ್ಲೇ ಮುಗಿಸಬಹುದು. ಕೈಗೆ ಎಣ್ಣೆ ಮಾತ್ರ ಹಚ್ಚಿಕೊಳ್ಳಲೇಬೇಕು, ಅಂಟು ಇದ್ದೇ ಇರುತ್ತದೆ.

ತಾಯಿಮರ ಇರುವುದು ತುಮಕೂರು ಜಿಲ್ಲೆ ಚೇಳೂರಿನ ರೈತ ಎಸ್. ಎಸ್. ಪರಮೇಶ ಅವರ ತೋಟದಲ್ಲಿ. ನೆಟ್ಟವರು ಅವರ ತಂದೆ ಸಿದ್ದಪ್ಪ. ತಳಿಗೆ ಅವರದೇ ಹೆಸರು. 2017ರಲ್ಲಿ ಸಂಸ್ಥೆ ಒಪ್ಪಂದ ಮಾಡಿಕೊಂಡು, ಕಸಿ ಗಿಡ ಮಾರಿ ಬಂದ ಹಣದಲ್ಲಿ ಶೇ. 75ರಷ್ಟನ್ನು ರೈತರಿಗೇ ಕೊಡುವುದಾಗಿ ಹೇಳಿತು. ಮರ ಕಾಪಾಡಿದವರಿಗೆ ಸಲ್ಲಬೇಕಾದದ್ದು ಸಲ್ಲಿದೆ, ಅಲ್ವಾ? ಇದು ನನಗೆ ನಿಜಕ್ಕೂ ಸಂತೋಷದ ವಿಷಯ.

ಬೀಜದಿಂದ ಬೆಳೆದ ಹಲಸು ತಾಯಿಮರದ ಹಾಗೇ ಇರುತ್ತದೆ ಅನ್ನುವ ಭರವಸೆ ಇಲ್ಲ, ಕಾಯಿ ಬಿಡಲು ವರ್ಷಗಳೂ ಜಾಸ್ತಿ. ಅದಕ್ಕೇ ಕಸಿ ಬೇಕು. ಆದರೆ ಎಲ್ಲಿಂದ ತರುತ್ತೀರಿ ಅನ್ನುವುದು ಮುಖ್ಯ. ಪಕ್ಕದ ಮನೆಯವರು ಸಿದ್ದು ಅಂತ ಬೇರೊಂದು ನರ್ಸರಿಯಿಂದ ತಂದರು. ವರ್ಷಗಟ್ಟಲೆ ನೀರು, ಗೊಬ್ಬರ ಹಾಕಿದ ಮೇಲೆ ಬಿಟ್ಟದ್ದು ಪೇಲವ ಹಳದಿ ತೊಳೆ. ಎಳೆ ಗಿಡದ ಎಲೆ ನೋಡಿ ತಳಿ ಹೇಳುವುದು ನಮ್ಮಂಥವರಿಂದ ಆಗದು. ಇಂಥ ಮೋಸ ಸಹಿಸಲು ಆಗಲ್ಲ. ಹೋದ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ?

ನೆಡುವಾಗ ಕಸಿ ಕಟ್ಟಿದ ಗಂಟು ಮಣ್ಣಿನ ಮೇಲೇ ಇರಲಿ. ಅದರ ಕೆಳಗೆ ಚಿಗುರು ಬಂದರೆ ಚಿವುಟಿ ಹಾಕಿ, ಅದು ಬೇರುಗಿಡದ, ಅಂದರೆ ಕಸಿ ಕಟ್ಟಲು ಬುಡಕ್ಕೆ ಬಳಸಿದ ಗಿಡದ ಚಿಗುರು. ಬುಡದಲ್ಲಿ ನೀರು ನಿಲ್ಲಬಾರದು. ನಾವು ಕೊಯ್ಲು ಮುಗಿದ ಮೇಲೆ ತುದಿ ಕತ್ತರಿಸಿ ಮರವನ್ನು ಗಿಡ್ಡಕ್ಕೆ ಇಟ್ಟುಕೊಂಡಿದ್ದೇವೆ.

ಮರ ಹರಡಿದ ಹಾಗೆ ಹಿತ್ತಲಿನ ರೂಪವೇ ಬದಲಾಯಿತು. ಬಿಸಿಲು ಕಡಿಮೆಯಾಗಿ ಆ ಮೂಲೆಯಲ್ಲಿ ಮೆಣಸಿನಗಿಡ, ಟೊಮೆಟೊ ಈಗ ಬರಲ್ಲ. ಅಲ್ಲಿ ಅರಿಶಿನ, ಶುಂಠಿ, ಕೆಸು ಹಾಕಿದೆವು. ಅರೆ ನೆರಳು, ಉದುರಿದ ಎಲೆಯ ಮುಚ್ಚಿಗೆ ಸಿಕ್ಕಿ ಅವು ಸೊಂಪಾಗಿ ಬೆಳೆಯುತ್ತಿವೆ. ಕೆಸುವಿನ ಎಲೆಗೆ ಈಗ ಮಾರ್ಕೆಟ್ಟಿಗೆ ಹೋಗುವುದೇ ಇಲ್ಲ.

ಗಿಡ ಕೇಳಿದ ದಿನವೇ ಸಿಗುತ್ತದೆ ಅಂದುಕೊಳ್ಳಬೇಡಿ, ಮೊದಲೇ ಫೋನ್ ಮಾಡಿ ವಿಚಾರಿಸಿ. ಕಾಂಪೌಂಡಿಗೂ ಸಂಪಿಗೂ ಒತ್ತಿಕೊಂಡ ಜಾಗ ಮಾತ್ರ ಇದ್ದರೆ ಹಲಸು ಬೇಡ, ಸೀಬೆ ಹಾಕಿ.