ರಿಕವರಿ ಡ್ರೈವೋ, ಇನ್‌ಸ್ಟಾಲೇಷನ್ ಮೀಡಿಯಾವೋ: ನಾಲ್ಕು ವರ್ಷ ಎರಡನ್ನೂ ಬಳಸಿದ ಮೇಲೆ

ನನ್ನ ಮೇಜಿನ ಡ್ರಾಯರ್‌ನಲ್ಲಿ ಎರಡು ಪೆನ್‌ಡ್ರೈವ್ ಇವೆ. ಒಂದಕ್ಕೆ ಬಿಳಿ ಟೇಪ್ ಸುತ್ತಿ ‘ರಿಕವರಿ’ ಅಂತ ಬರೆದಿದ್ದೇನೆ, ಇನ್ನೊಂದಕ್ಕೆ ‘ಇನ್‌ಸ್ಟಾಲ್’ ಅಂತ. ನನ್ನ ಲ್ಯಾಪ್‌ಟಾಪ್, ಮನೆಯವರದ್ದು, ಜೊತೆಗೊಂದು ಹಳೇ ಡೆಸ್ಕ್‌ಟಾಪ್ ಎಲ್ಲ ಸೇರಿ ಈ ನಾಲ್ಕು ವರ್ಷದಲ್ಲಿ ಎಂಟು ಸಲ ವಿಂಡೋಸ್ ಮತ್ತೆ ಹಾಕಿದ್ದೇನೆ. ಎರಡೂ ಒಂದೇ ಕೆಲಸಕ್ಕೆ ಅಂದುಕೊಂಡೇ ಶುರು ಮಾಡಿದ್ದು. ಅಲ್ಲ.

ಮೊದಲು ರಿಕವರಿ ಡ್ರೈವ್, ಅಂದರೆ ಕೆಟ್ಟ ವಿಂಡೋಸನ್ನು ರಿಪೇರಿ ಮಾಡಲು, ಇಲ್ಲವೇ ಮತ್ತೆ ಹಾಕಲು ಮಾಡಿಟ್ಟುಕೊಳ್ಳುವ ಪೆನ್‌ಡ್ರೈವ್. ಸ್ಟಾರ್ಟ್ ಮೆನುವಿನಲ್ಲಿ ಇದೇ ಹೆಸರು ಹುಡುಕಿದರೆ ಸಿಗುತ್ತದೆ, ಏನೂ ಡೌನ್‌ಲೋಡ್ ಮಾಡಬೇಕಿಲ್ಲ. ಕನಿಷ್ಠ 16 ಜಿಬಿ ಪೆನ್‌ಡ್ರೈವ್ ಬೇಕು, 32 ಇದ್ದರೆ ನಿಶ್ಚಿಂತೆ. ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ‘ಸಿಸ್ಟಂ ಫೈಲ್‌ಗಳನ್ನೂ ಬ್ಯಾಕಪ್ ಮಾಡು’ ಅನ್ನುವ ಟಿಕ್ ಒಂದಿದೆ. ಅದಿದ್ದರೆ ಕಾಪಿ ಆಗುವುದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ ಅಂತ ಮೊದಲ ಸಲ ನಾನು ಜಾಣತನ ಮಾಡಿ ತೆಗೆದುಬಿಟ್ಟೆ. ಐದೇ ನಿಮಿಷದಲ್ಲಿ ಡ್ರೈವ್ ರೆಡಿ! ಆಮೇಲೆ ಲ್ಯಾಪ್‌ಟಾಪ್ ಕೈಕೊಟ್ಟ ದಿನ ನೋಡಿದರೆ ಅದರಲ್ಲಿ ಇದ್ದದ್ದು ಸ್ಟಾರ್ಟಪ್ ರಿಪೇರ್, ಕಮಾಂಡ್ ಪ್ರಾಂಪ್ಟ್ ಥರದ ರಿಪೇರಿ ಸಾಮಾನು ಮಾತ್ರ. ಹಾಕುವುದಕ್ಕೆ ವಿಂಡೋಸೇ ಇರಲಿಲ್ಲ. ಆ ಟಿಕ್ ಮುಟ್ಟಬೇಡಿ.

ಇನ್‌ಸ್ಟಾಲೇಷನ್ ಮೀಡಿಯಾಗೆ, ಅಂದರೆ ವಿಂಡೋಸನ್ನು ಹೊಸದಾಗಿ ಹಾಕುವ ಪೆನ್‌ಡ್ರೈವ್‌ಗೆ, ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಳ್ಳಬೇಕು. 8 ಜಿಬಿ ಪೆನ್‌ಡ್ರೈವ್ ಸಾಕು. ಕೆಟ್ಟ ಕಂಪ್ಯೂಟರಿನಲ್ಲೇ ಮಾಡಬೇಕೆಂದಿಲ್ಲ, ವಿಂಡೋಸ್ ಇರುವ ಯಾರದ್ದಾದರೂ ನಡೆಯುತ್ತದೆ. ನನ್ನ ಮಟ್ಟಿಗೆ ಇದೇ ಇದರ ದೊಡ್ಡ ಗುಣ: ಮುಂದಾಲೋಚನೆ ಇಲ್ಲದವರನ್ನೂ ಕಾಪಾಡುತ್ತದೆ. ರಿಕವರಿ ಡ್ರೈವ್ ಹಾಗಲ್ಲ, ಯಂತ್ರ ಚೆನ್ನಾಗಿದ್ದಾಗಲೇ ಅದರಿಂದಲೇ ಮಾಡಿಟ್ಟಿರಬೇಕು.

ಹಾಗಾದರೆ ರಿಕವರಿ ಡ್ರೈವ್ ಯಾಕೆ? ಅದು ಗೊತ್ತಾಗಿದ್ದು ಒಂದು ರಾತ್ರಿ. ಲ್ಯಾಪ್‌ಟಾಪ್‌ಗೆ ಹೊಸ ಎಸ್‌ಎಸ್‌ಡಿ (ಫೈಲುಗಳನ್ನಿಡುವ ಡಿಸ್ಕ್) ಹಾಕಿ, ಇನ್‌ಸ್ಟಾಲ್ ಪೆನ್‌ಡ್ರೈವ್ ಚುಚ್ಚಿ, ಎಫ್12 ಒತ್ತಿ ಬೂಟ್ ಮಾಡಿದೆ, ಅಂದರೆ ಪೆನ್‌ಡ್ರೈವ್‌ನಿಂದಲೇ ಲ್ಯಾಪ್‌ಟಾಪ್ ಶುರು ಮಾಡಿದೆ. ಎಲ್ಲಿ ಇನ್‌ಸ್ಟಾಲ್ ಮಾಡಲಿ ಅಂತ ಕೇಳುವ ಪರದೆ ಬಂತು. ಪಟ್ಟಿ ಖಾಲಿ. ಡಿಸ್ಕೇ ಇಲ್ಲ. ಎಸ್‌ಎಸ್‌ಡಿ ಸರಿಯಾಗಿ ಕೂತಿಲ್ಲವೇನೋ ಅಂತ ಎರಡು ಸಲ ಸ್ಕ್ರೂ ಬಿಚ್ಚಿ ನೋಡಿದೆ. ತಪ್ಪು ಅಲ್ಲಿರಲಿಲ್ಲ. ಇಂಟೆಲ್ ಪ್ರೊಸೆಸರ್‌ನ 11ನೇ ತಲೆಮಾರಿನಿಂದ ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ವಿಎಂಡಿ ಅನ್ನುವ ಕಂಟ್ರೋಲರಿನ ಹಿಂದೆ ಅಡಗಿರುತ್ತದೆ, ಅದರ ಡ್ರೈವರ್ (ಆ ಭಾಗವನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್) ಕೊಡದೆ ಸೆಟಪ್‌ಗೆ ಡಿಸ್ಕ್ ಕಾಣುವುದಿಲ್ಲ. ‘ಲೋಡ್ ಡ್ರೈವರ್’ ಒತ್ತಿ ಕೊಡಬೇಕು. ಡೌನ್‌ಲೋಡ್ ಆಗಿ ಬರುವ ಎಕ್ಸ್‌ಇ ಫೈಲನ್ನು ಹಾಗೇ ತೋರಿಸಿದರೆ ಅದು ಮೂಸಿಯೂ ನೋಡುವುದಿಲ್ಲ. ಬೇರೆ ಕಂಪ್ಯೂಟರಿನಲ್ಲಿ ಅದನ್ನು ಬಿಡಿಸಿ (ಎಕ್ಸ್‌ಟ್ರ್ಯಾಕ್ಟ್ ಮಾಡಿ), ಒಳಗಿನ ಐಎನ್‌ಎಫ್ ಫೈಲ್ ಇರುವ ಫೋಲ್ಡರನ್ನೇ ತೋರಿಸಬೇಕು. ಅದಾಯಿತು, ಡಿಸ್ಕ್ ಬಂತು, ವಿಂಡೋಸ್ ಕೂತಿತು. ಆಮೇಲೆ ವೈಫೈ ಇಲ್ಲ, ಅದರ ಡ್ರೈವರೂ ಇರಲಿಲ್ಲ! ವಿಂಡೋಸ್ 11 ಸೆಟಪ್‌ಗೋ ಇಂಟರ್‌ನೆಟ್ ಇಲ್ಲದೆ ಮುಂದೆ ಹೋಗಲು ಮನಸ್ಸಿಲ್ಲ. ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ, ಅಂದರೆ ಫೋನಿನ ಇಂಟರ್‌ನೆಟ್ಟನ್ನೇ ಕೊಟ್ಟು, ದಾಟಿದೆ. ಆಗ ರಾತ್ರಿ ಎರಡು ಗಂಟೆ.

ವರ್ಷದ ನಂತರ ಅದೇ ಲ್ಯಾಪ್‌ಟಾಪ್‌ಗೆ ರಿಕವರಿ ಡ್ರೈವ್‌ನಿಂದ ಹಾಕಿದಾಗ ಈ ಯಾವ ರಗಳೆಯೂ ಇರಲಿಲ್ಲ. ಅದನ್ನು ತಯಾರಿಸಿದಾಗ ಯಂತ್ರದಲ್ಲಿದ್ದ ಡ್ರೈವರ್‌ಗಳೂ ಜೊತೆಗೇ ಬಂದಿದ್ದವು, ವೈಫೈ ಮೊದಲ ಪರದೆಯಲ್ಲೇ ಸಿಕ್ಕಿತು. ಹಾಗಂತ ಎಲ್ಲ ಸುಖವಲ್ಲ. ನನ್ನ ಫೈಲು, ನಾನು ಹಾಕಿದ ಪ್ರೋಗ್ರಾಂ ಎಲ್ಲ ಹೋದವು. ಲ್ಯಾಪ್‌ಟಾಪ್ ಕಂಪನಿಯವರು ತುರುಕಿದ್ದ, ನಾನು ಯಾವತ್ತೋ ಕಿತ್ತೆಸೆದಿದ್ದ ಟ್ರಯಲ್ ಆಂಟಿವೈರಸ್ ಮಾತ್ರ ಹಲ್ಲು ಕಿರಿಯುತ್ತಾ ವಾಪಸ್ ಬಂತು. ಜೊತೆಗೆ ಡ್ರೈವ್ ಹಳತಾದಷ್ಟೂ ವಿಂಡೋಸ್ ಹಳತು. ಇಡೀ ಮಧ್ಯಾಹ್ನ ಅಪ್‌ಡೇಟ್ ಮಾಡುವುದರಲ್ಲೇ ಕಳೆಯಿತು. ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಕೊಳ್ಳಿ ಅಂತ ಮೈಕ್ರೋಸಾಫ್ಟ್ ಹೇಳುವುದು ಸುಮ್ಮನೆ ಅಲ್ಲ.

ನಾನು ಹೆಚ್ಚು ಬಳಸಿದ್ದು ಮಾತ್ರ ಇನ್‌ಸ್ಟಾಲ್ ಪೆನ್‌ಡ್ರೈವನ್ನೇ, ಅದೂ ಬೂಟ್ ಮಾಡದೆ. ವಿಂಡೋಸ್ ಕುಂಟುತ್ತಾ ಓಡುತ್ತಿದೆ, ಅಪ್‌ಡೇಟ್ ಮತ್ತೆ ಮತ್ತೆ ಫೇಲ್ ಆಗುತ್ತಿದೆ ಅನ್ನುವಾಗ ಆ ವಿಂಡೋಸ್ ಒಳಗಿಂದಲೇ ಪೆನ್‌ಡ್ರೈವ್ ತೆರೆದು ಸೆಟಪ್ ಓಡಿಸಿದರೆ ‘ಫೈಲುಗಳನ್ನೂ ಆ್ಯಪ್‌ಗಳನ್ನೂ ಉಳಿಸಿಕೊ’ ಅನ್ನುವ ಆಯ್ಕೆ ಬರುತ್ತದೆ. ಎಂಟರಲ್ಲಿ ಮೂರು ಸಲ ನಾನು ಮಾಡಿದ್ದು ಇದನ್ನೇ. ಡೆಸ್ಕ್‌ಟಾಪ್ ಮೇಲಿನ ಐಕಾನ್ ಕೂಡ ಜಾಗ ಬಿಟ್ಟು ಕದಲಲಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೆ ಈ ಸೌಲಭ್ಯ ಇಲ್ಲ, ಆದರೆ ಯಾವ ಪಾರ್ಟಿಶನ್ (ಡಿಸ್ಕಿನ ಭಾಗ) ಅಳಿಸಬೇಕು, ಯಾವುದು ಉಳಿಯಬೇಕು ಅಂತ ನಾವೇ ಆರಿಸಬಹುದು. ಡಿ ಡ್ರೈವ್‌ನಲ್ಲಿ ಫೋಟೋ ತುಂಬಿಟ್ಟವರಿಗೆ ಇದರ ಬೆಲೆ ಗೊತ್ತು.

ಪ್ರಾಡಕ್ಟ್ ಕೀ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಅದೇ ಯಂತ್ರ, ಅದೇ ಆವೃತ್ತಿ (ಹೋಮ್ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ) ಆದರೆ ‘ನನ್ನ ಬಳಿ ಕೀ ಇಲ್ಲ’ ಒತ್ತಿ, ಆಮೇಲೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ತಲೆಕೆಡಿಸಿಕೊಳ್ಳಬೇಕಾದ್ದು ಬಿಟ್‌ಲಾಕರ್ ಬಗ್ಗೆ, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗದ ಬಗ್ಗೆ. ಡಿಸ್ಕ್ ಹೀಗೆ ಎನ್‌ಕ್ರಿಪ್ಟ್ ಆಗಿದ್ದರೆ, ರಿಕವರಿ ಪರದೆಯಿಂದ ಹಳೇ ಫೈಲು ಎತ್ತಿಕೊಳ್ಳಲು ಹೋದಾಗ 48 ಅಂಕಿಯ ಕೀ ಕೇಳುತ್ತದೆ, ಯಾವ ಪೆನ್‌ಡ್ರೈವ್ ಆದರೂ ಸರಿ.

ಪೆನ್‌ಡ್ರೈವ್ ಯಾಕೆ, ಒಳಗೇ ರಿಕವರಿ ಇದೆಯಲ್ಲ ಅನ್ನುವವರಿಗೆ: 2025ರ ಅಕ್ಟೋಬರ್ ಅಪ್‌ಡೇಟ್ ಬಂದಾಗ ವಿಂಡೋಸ್ 11ರ ಆ ರಿಕವರಿ ಪರದೆಯಲ್ಲೇ ಯುಎಸ್‌ಬಿ ಕೀಬೋರ್ಡ್, ಮೌಸ್ ಸತ್ತುಹೋಗಿದ್ದವು. ಕೆಲವೇ ದಿನದಲ್ಲಿ ಸರಿಪಡಿಸಿದರು, ನಿಜ.

ಒಂದೇ ಪೆನ್‌ಡ್ರೈವ್ ಇಡುತ್ತೇನೆ ಅನ್ನುವುದಾದರೆ ಇನ್‌ಸ್ಟಾಲೇಷನ್ ಮೀಡಿಯಾ ಇಡಿ. ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ರಿಕವರಿ ಡ್ರೈವ್‌ಗೆ ಮೂರು, ಡ್ರೈವರ್ ಹುಡುಕುವುದು ಆಗದವರಿಗಾದರೆ ನಾಲ್ಕು. ನನ್ನ ಇನ್‌ಸ್ಟಾಲ್ ಪೆನ್‌ಡ್ರೈವ್‌ನಲ್ಲಿ ಈಗ ‘ಡ್ರೈವರ್ಸ್’ ಅಂತ ಒಂದು ಫೋಲ್ಡರ್ ಇದೆ, ಅದರಲ್ಲಿ ಮೂರು ಯಂತ್ರಗಳ ಸ್ಟೋರೇಜ್ ಮತ್ತು ವೈಫೈ ಡ್ರೈವರ್, ಬಿಡಿಸಿದ್ದು. ರಿಕವರಿಯ ಬಿಳಿ ಟೇಪಿನ ಮೇಲೆ ಹೆಸರಿನ ಕೆಳಗೆ ಮಾಡಿದ ತಾರೀಕೂ ಬರೆಯುತ್ತೇನೆ. ಹಿಂದಿನ ಎರಡು ತಾರೀಕು ಹೊಡೆದುಹಾಕಿ ಆಗಿದೆ.