ತುಮಕೂರಿನ ಸಿಮೆಂಟ್ ಕೋರ್ಟಿಗೆ 7ನೇ ಸೈಜಿನ ರಬ್ಬರ್ ಬ್ಯಾಸ್ಕೆಟ್‌ಬಾಲ್: ಕೊಳ್ಳುವ ಮುಂಚೆ ನೋಡಬೇಕಾದ್ದು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಆಟದ ಸಾಮಾನಿನ ಅಂಗಡಿಗೆ ಹೋಗಿ ಬ್ಯಾಸ್ಕೆಟ್‌ಬಾಲ್ ಕೇಳಿದರೆ ಸಾಮಾನ್ಯವಾಗಿ ಎರಡು ಬಗೆ ಮುಂದಿಡುತ್ತಾರೆ: 600ರಿಂದ 900 ರೂಪಾಯಿ ಆಸುಪಾಸಿನ ರಬ್ಬರ್ ಚೆಂಡು, 1,500 ರೂಪಾಯಿಂದ ಮೇಲಕ್ಕೆ ಹೋಗುವ ಕಾಂಪೋಸಿಟ್ ಚೆಂಡು. ಮೂರನೆಯದಾದ ಚರ್ಮದ ಚೆಂಡನ್ನು ಹೇಳಿ ತರಿಸಬೇಕು. ಬೆಲೆ ಹೆಚ್ಚಿದ್ದೇ ಒಳ್ಳೆಯದು ಅಂದುಕೊಂಡು ಪಂದ್ಯಾವಳಿಗೆ ಕಾಂಪೋಸಿಟ್ ಕೊಳ್ಳುವ ಶಾಲೆ, ಕಾಲೇಜು, ಕ್ಲಬ್ಬುಗಳು ಬಹಳ. ಬಯಲಿನ ಸಿಮೆಂಟ್ ಕೋರ್ಟಿನಲ್ಲಿ ಆಡುವ ಜೂನಿಯರ್ ಹುಡುಗರಿಗೆ ಅದು ದುಡ್ಡು ಹಾಳು. ನೈಲಾನ್ ದಾರ ಸುತ್ತಿದ, ಬ್ಯೂಟೈಲ್ ಎಂಬ ಕೃತಕ ರಬ್ಬರಿನ ಬ್ಲಾಡರ್ (ಒಳಗಿನ ಗಾಳಿಚೀಲ) ಇರುವ ರಬ್ಬರ್ ಚೆಂಡೇ ಇಲ್ಲಿಗೆ ಸರಿ.

ಕಾಂಪೋಸಿಟ್ ಚೆಂಡಿನ ಮೈ ತೆಳುವಾದ ಕೃತಕ ಚರ್ಮ. ಮರದ ನೆಲದ ಮೇಲೆ ಅದರ ಹಿಡಿತಕ್ಕೆ ಸಾಟಿಯಿಲ್ಲ. ಸಿಮೆಂಟ್ ನೆಲ ಉಪ್ಪುಕಾಗದದಂತೆ. ದಿನಕ್ಕೆ ಎರಡು ಗಂಟೆ ಆಡಿಸಿದರೆ ಕೆಲವೇ ತಿಂಗಳಲ್ಲಿ ಮೇಲಿನ ಕಾಳುಗಳು ಸವೆದು ಮೈ ನುಣ್ಣಗಾಗುತ್ತದೆ, ಪಟ್ಟಿಗಳ ಅಂಚು ಎದ್ದುಕೊಳ್ಳುತ್ತದೆ. ಬೆವರನ್ನೂ ನಮ್ಮ ಕೆಂಪು ಧೂಳನ್ನೂ ಒಟ್ಟಿಗೆ ಹೀರಿಕೊಂಡ ಮೇಲೆ ಎಷ್ಟು ಒರೆಸಿದರೂ ಮೊದಲಿನ ಹಿಡಿತ ಬರುವುದಿಲ್ಲ. ಚರ್ಮದ್ದಂತೂ ಒಳಾಂಗಣಕ್ಕೇ ಮೀಸಲು. ಅದನ್ನು ಹದ ಮಾಡಲಿಕ್ಕೇ ವಾರಗಟ್ಟಲೆ ಆಡಬೇಕು.

ರಬ್ಬರ್ ಚೆಂಡುಗಳೆಲ್ಲ ಒಂದೇ ಜಾತಿಯವಲ್ಲ. ಹೊರಗಿನಿಂದ ಒಂದೇ ರೀತಿ ಕಾಣುತ್ತವೆ, ವ್ಯತ್ಯಾಸವಿರುವುದು ಒಳಗೆ. ಗಾಳಿ ಹಿಡಿಯುವ ಬ್ಲಾಡರ್, ಅದರ ಮೇಲೆ ಸುತ್ತಿದ ದಾರ, ದಾರದ ಮೇಲೊಂದು ರಬ್ಬರ್ ಪದರ, ಕೊನೆಗೆ ಕಾಳುಕಾಳಾದ ಹೊರಮೈ. ಅಗ್ಗದ ಚೆಂಡಿನಲ್ಲಿ ದಾರ ಸುತ್ತುವ ಬದಲು ಬಟ್ಟೆಯ ತುಂಡುಗಳನ್ನು ಅಂಟಿಸಿರುತ್ತಾರೆ. ಬಿಸಿಲಿಗೆ ಗಾಳಿ ಹಿಗ್ಗಿದಾಗ ಬಟ್ಟೆ ಒಂದೊಂದು ಕಡೆ ಒಂದೊಂದು ಥರ ಎಳೆದುಕೊಳ್ಳುತ್ತದೆ, ಚೆಂಡು ಮೊಟ್ಟೆಯಾಗುತ್ತದೆ. ನೈಲಾನ್ ದಾರವನ್ನು ಎಲ್ಲ ದಿಕ್ಕಿಗೂ ಸಮನಾಗಿ ಸುತ್ತಿದ್ದರೆ ಆಕಾರ ನಿಲ್ಲುತ್ತದೆ. ಡಬ್ಬದ ಮೇಲೆ ‘ನೈಲಾನ್ ವೌಂಡ್’, ‘ಬ್ಯೂಟೈಲ್ ಬ್ಲಾಡರ್’ ಎಂದು ಬರೆದಿದೆಯೋ ನೋಡಿ. ಒಂದೇ ಕಂಪನಿ ಎರಡೂ ದರ್ಜೆಯದನ್ನು ಮಾರುವುದರಿಂದ ಕಂಪನಿ ಹೆಸರನ್ನು ನಂಬಿ ಪ್ರಯೋಜನವಿಲ್ಲ, ಮಾಡೆಲ್ ಮೇಲಿನ ಬರಹವನ್ನು ಓದಬೇಕು.

ಬ್ಯೂಟೈಲ್ ರಬ್ಬರಿಗೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಸಹಜ ರಬ್ಬರಿನ ಬ್ಲಾಡರ್ ಚೆನ್ನಾಗಿ ಪುಟಿಯುತ್ತದೆ, ಆದರೆ ಗಾಳಿ ಬೇಗ ಬಿಡುತ್ತದೆ. ಬ್ಯೂಟೈಲ್ ಗಾಳಿಯನ್ನು ವಾರಗಟ್ಟಲೆ ಹಿಡಿದಿಡುತ್ತದೆ. ಈ ರಬ್ಬರಿನ ಚರಿತ್ರೆಗೂ ಬ್ಯಾಸ್ಕೆಟ್‌ಬಾಲ್ ಕಟ್ಟಿದವರ ತವರಿಗೂ ನಂಟಿದೆ. ಆಟವನ್ನು ಕಟ್ಟಿದ ಜೇಮ್ಸ್ ನೈಸ್ಮಿತ್ ಹುಟ್ಟಿದ್ದು ಕೆನಡಾದ ಆಂಟಾರಿಯೊ ಪ್ರಾಂತ್ಯದ ಆಲ್ಮಾಂಟ್ ಬಳಿ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಅವರು ಮೊದಲ ಆಟ ಆಡಿಸಿದ್ದು ಫುಟ್‌ಬಾಲ್ ಚೆಂಡಿನಲ್ಲಿ. ಎರಡನೇ ಮಹಾಯುದ್ಧದಲ್ಲಿ ಮಲಯಾ ಜಪಾನಿನ ಕೈಸೇರಿ, 1942ರ ಫೆಬ್ರವರಿಯಲ್ಲಿ ಸಿಂಗಪುರವೂ ಬಿದ್ದ ಮೇಲೆ ಕೆನಡಾಕ್ಕೆ ಸಹಜ ರಬ್ಬರ್ ಬರುವ ದಾರಿ ಬಹುಪಾಲು ಮುಚ್ಚಿತು. ಟೈರಿಗೂ ಪೆಟ್ರೋಲಿಗೂ ರೇಷನ್ ಬಂತು. ಅದೇ ವರ್ಷ ಸರ್ಕಾರ ಪಾಲಿಮರ್ ಕಾರ್ಪೊರೇಷನ್ ಸ್ಥಾಪಿಸಿ ಆಂಟಾರಿಯೊದ ಸಾರ್ನಿಯಾದಲ್ಲಿ ಕೃತಕ ರಬ್ಬರಿನ ಕಾರ್ಖಾನೆ ಕಟ್ಟಿತು. ಅಲ್ಲಿ ತಯಾರಾದ ಬಗೆಗಳಲ್ಲಿ ಬ್ಯೂಟೈಲ್ ಕೂಡ ಒಂದು. ಇವತ್ತು ನಮ್ಮ ಹುಡುಗರು ಬಡಿಯುವ ಚೆಂಡಿನ ಹೊಟ್ಟೆಯಲ್ಲಿರುವುದು ಅದೇ ಬಗೆಯ ರಬ್ಬರ್.

ಇನ್ನು ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ. ಮೊದಲು ಸೈಜ್. ಹುಡುಗರಿಗೆ 7, ಹುಡುಗಿಯರಿಗೆ 6. ತ್ರೀ-ಆನ್-ತ್ರೀ (ತಂಡಕ್ಕೆ ಮೂವರು) ಆಟದ ಚೆಂಡು ಗಾತ್ರದಲ್ಲಿ 6, ತೂಕದಲ್ಲಿ 7. ಅದನ್ನು ಹುಡುಗಿಯರ ತಂಡಕ್ಕೆ 6ನೇ ಸೈಜ್ ಎಂದು ಕೊಟ್ಟು ಕಳಿಸುವುದುಂಟು, ಎಚ್ಚರ. 7ನೇ ಸೈಜಿನ ಸುತ್ತಳತೆ 75ರಿಂದ 77 ಸೆಂಟಿಮೀಟರ್, ತೂಕ 580ರಿಂದ 620 ಗ್ರಾಂ ಇರಬೇಕು. ಅಗ್ಗದ ರಬ್ಬರ್ ಚೆಂಡುಗಳು ಸೋಲುವುದು ಹೆಚ್ಚಾಗಿ ತೂಕದಲ್ಲಿ: 650 ಗ್ರಾಂ ದಾಟಿದ ಚೆಂಡಿನಲ್ಲಿ ಆಡಿ ಆಡಿ ಹುಡುಗನ ಶಾಟ್ ಗಿಡ್ಡವಾಗುತ್ತದೆ, ಮಣಿಕಟ್ಟಿನ ಬದಲು ಭುಜದಿಂದ ಎಸೆಯುವ ಚಾಳಿ ಬೀಳುತ್ತದೆ. ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ನೋಡಲು ಯಾರೂ ಬೇಡ ಅನ್ನುವುದಿಲ್ಲ.

ಆಮೇಲೆ ದರ್ಜಿಯ ಟೇಪ್. ವಾಲ್ವಿನ ಮೇಲೆ ಹಾಯುವಂತೆ ಒಂದು ಸುತ್ತು, ಅದಕ್ಕೆ ಅಡ್ಡಲಾಗಿ ಇನ್ನೊಂದು ಸುತ್ತು ಅಳೆಯಿರಿ. ಎರಡರ ನಡುವೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ವಾಪಸು ಕೊಡಿ. ಕೈಯಲ್ಲಿ ಮೇಲಕ್ಕೆ ತಿರುಗಿಸಿ ಎಸೆದು ಗೆರೆಗಳನ್ನು ನೋಡಿ, ತೂಗಾಡಿದರೆ ಒಳಗೆ ಭಾರ ಒಂದು ಕಡೆಗಿದೆ. ಗೆರೆಗಳು ಆಳವಾಗಿ ಅಗಲವಾಗಿರಬೇಕು, ಬೆರಳ ತುದಿ ಕೂರಬೇಕು. ಸವೆತದಲ್ಲಿ ಮೊದಲು ಹೋಗುವುದು ಕಾಳು, ಆಮೇಲೆ ಗೆರೆ.

ಪುಟಿತದ ಪರೀಕ್ಷೆ ಹಳೆಯ ನಿಯಮಪುಸ್ತಕದ್ದು, ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಗೋಡೆಯ ಮೇಲೆ 180, 140, 120 ಸೆಂಟಿಮೀಟರಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಚೆಂಡಿನ ತಳ 180ರ ಗೆರೆಗೆ ಬರುವಂತೆ ಹಿಡಿದು, ಒತ್ತದೆ, ತಿರುಗಿಸದೆ ಬಿಡಿ. ಪುಟಿದಾಗ ಚೆಂಡಿನ ನೆತ್ತಿ 120ಕ್ಕೂ 140ಕ್ಕೂ ನಡುವೆ ಬರಬೇಕು. ಇದನ್ನು ಪಂದ್ಯ ನಡೆಯುವ ನೆಲದ ಮೇಲೇ, ಪಂದ್ಯ ನಡೆಯುವ ಹೊತ್ತಿಗೇ ಮಾಡಬೇಕು. ಮಧ್ಯಾಹ್ನ 30 ಡಿಗ್ರಿಯಲ್ಲಿ 8 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿದ ಚೆಂಡು ಡಿಸೆಂಬರಿನ ಬೆಳಗ್ಗೆ 15 ಡಿಗ್ರಿಯಲ್ಲಿ ಸುಮಾರು 7ಕ್ಕೆ ಇಳಿದಿರುತ್ತದೆ. ಎಲ್ಲೂ ಸೋರಿಲ್ಲ, ಗಾಳಿ ತಣ್ಣಗಾಗಿ ಕುಗ್ಗಿದೆ ಅಷ್ಟೇ. ಬೆಳಗಿನ ಪಂದ್ಯಕ್ಕೆ ಅದಕ್ಕೆ ಗಾಳಿ ಸೇರಿಸಿದವರು ಮಧ್ಯಾಹ್ನದ ಪಂದ್ಯಕ್ಕೆ ಮುಂಚೆ ಒಂದಿಷ್ಟು ಬಿಡಲೇಬೇಕು. ಇಲ್ಲದಿದ್ದರೆ ಚೆಂಡು ರಿಂಗಿಗೆ ತಗುಲಿ ಫ್ರೀ ಥ್ರೋ ಗೆರೆಯಾಚೆ ಹಾರುತ್ತದೆ, ಒಳಗೆ ನಿಂತ ಎತ್ತರದ ಹುಡುಗರಿಗೆ ರಿಬೌಂಡ್ ಸಿಗುವುದೇ ಇಲ್ಲ.

ಗಾಳಿ ಹಾಕುವುದರಲ್ಲೇ ಅರ್ಧ ಚೆಂಡುಗಳು ಸಾಯುತ್ತವೆ. ಒಣ ಸೂಜಿ ಚುಚ್ಚಿದರೆ ವಾಲ್ವಿನ ಬಾಯಿ ಹರಿಯುತ್ತದೆ, ಇಲ್ಲವೇ ವಾಲ್ವೇ ಒಳಗೆ ಬೀಳುತ್ತದೆ. ಸೂಜಿಯನ್ನು ನೀರಿನಲ್ಲಿ ಅದ್ದಿ ಅಥವಾ ಒಂದು ಹನಿ ಗ್ಲಿಸರಿನ್ ಸವರಿ, ನೆಟ್ಟಗೆ, ನಿಧಾನವಾಗಿ ತೂರಿಸಿ. ಕೊಬ್ಬರಿ ಎಣ್ಣೆ ಬೇಡ, ಎಣ್ಣೆ ಕುಡಿದ ರಬ್ಬರ್ ಮೆತ್ತಗಾಗಿ ಬಾಯಿ ಸಡಿಲವಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ಕೊಡಲೇಬೇಡಿ. ಅದು ಇರುವುದು ಟೈರಿಗೆ. 7–9 ಪಿಎಸ್‌ಐ ಸಾಕಾದ ಚೆಂಡಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಎರಡರಷ್ಟು ತುಂಬಿ ಒಳಗಿನ ದಾರ ಕಿತ್ತುಬರುತ್ತದೆ. ಆಮೇಲೆ ಚೆಂಡಿನ ಮೈಮೇಲೆ ಒಂದು ಗಂಟು ಏಳುತ್ತದೆ, ಅದಕ್ಕೆ ಮದ್ದಿಲ್ಲ. ಕೈಪಂಪು, ಜೊತೆಗೆ ಒತ್ತಡ ನೋಡುವ ಒಂದು ಸಣ್ಣ ಗೇಜ್ ಇದ್ದರೆ ಸಾಕು.

ಕೋರ್ಟಿನ ಅಂಚಿನಲ್ಲಿ ಜಾಲಿ ಬೆಳೆದಿದ್ದರೆ ಮೊದಲು ಕಡಿಸಿ. ಜಾಲಿ ಮುಳ್ಳು ಚುಚ್ಚಿದ ಚೆಂಡನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ನೋಡಬೇಕು. ವಾಲ್ವಿನಲ್ಲಿ ಬಂದರೆ ಸೂಜಿ ಒದ್ದೆ ಮಾಡಿ ಎರಡು ಮೂರು ಸಲ ಹಾಕಿ ತೆಗೆದರೆ ಕೆಲವೊಮ್ಮೆ ಕೂರುತ್ತದೆ. ಮೈಯಿಂದ ಬಂದರೆ ತೇಪೆ ಹಾಕಿಸಿ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಪಂದ್ಯಕ್ಕೆ ಬೇಡ, ತೇಪೆಯ ಕಡೆಗೆ ವಾಲುತ್ತದೆ. ಒರೆಸಲು ಒದ್ದೆ ಬಟ್ಟೆ, ತೀರಾ ಕೊಳೆಯಾದರೆ ಸ್ವಲ್ಪ ಸೋಪು. ಪೆಟ್ರೋಲ್, ಥಿನ್ನರ್ ಮುಟ್ಟಿಸಬಾರದು. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಚೆಂಡು ಉಬ್ಬುತ್ತದೆ. ವಿರಾಮದಲ್ಲಿ ಹುಡುಗರು ಅದರ ಮೇಲೆ ಕುಳಿತರೆ ಚಪ್ಪಟೆಯಾಗುತ್ತದೆ. ಈ ಎರಡನೆಯದನ್ನು ಪಿ.ಟಿ. ಮೇಷ್ಟ್ರು ಗದರಿಸಿಯಾದರೂ ನಿಲ್ಲಿಸಬೇಕು.

ಪಂದ್ಯಾವಳಿ ನಡೆಸುವವರು ಮಾಡುವ ದೊಡ್ಡ ತಪ್ಪು ಬೇರೆಯೇ ಇದೆ. ಫೈನಲ್ಲಿಗೆ ಹೊಚ್ಚಹೊಸ ಚೆಂಡು ತಂದು ಪೂಜೆ ಮಾಡಿ ಬಿಡುತ್ತಾರೆ. ಹೊಸ ರಬ್ಬರ್ ಚೆಂಡಿನ ಮೈಮೇಲೆ ಅಚ್ಚಿನಿಂದ ಬಂದ ನುಣುಪು ಪದರ ಇರುತ್ತದೆ, ಬೆವರಿದ ಕೈಯಲ್ಲಿ ಜಾರುತ್ತದೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಗಳು ಬಹಳ ಕಾಲದಿಂದ ಆತಿಥೇಯ ತಂಡದಿಂದ ಕೇಳುತ್ತ ಬಂದದ್ದು ಕಡಿಮೆಯೆಂದರೆ ಎರಡು ‘ಬಳಸಿದ’ ಚೆಂಡುಗಳನ್ನು. ಎಂಟು ಹತ್ತು ಗಂಟೆ ಆಡಿಸಿ ಹದ ಮಾಡಿದ್ದನ್ನೇ ಕೊಡಬೇಕು. ಎರಡೂ ತಂಡಕ್ಕೆ ಪಂದ್ಯದ ಹಿಂದಿನ ದಿನವಾದರೂ ಅದರಲ್ಲಿ ಕೈ ಪಳಗಿಸಲು ಅವಕಾಶ ಕೊಡಬೇಕು.

ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಒಂದೊಂದೇ ಮೆಟ್ಟಿಲು ಹತ್ತುವ ನಮ್ಮ ಹುಡುಗರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಪ್ರತಿ ಮೆಟ್ಟಿಲಿಗೂ ಊರು ಬದಲು, ನೆಲ ಬದಲು, ಚೆಂಡೂ ಬದಲು. ಕೆನಡಾದಲ್ಲಿಯೂ ಹಿಂದೆ ಪ್ರಾಂತ್ಯ ಗೆದ್ದವರು ಪೂರ್ವ ಅಥವಾ ಪಶ್ಚಿಮ ವಲಯ ಗೆದ್ದು ಆಮೇಲೆ ದೇಶದ ಪಟ್ಟಕ್ಕೆ ಆಡುತ್ತಿದ್ದರು. ಎರಡು ಪಂದ್ಯಗಳ ಒಟ್ಟು ಅಂಕ ಕೂಡಿ ಗೆದ್ದವರನ್ನು ತೀರ್ಮಾನಿಸುವ ಪದ್ಧತಿ ಅಲ್ಲಿ ಆಗ ಚಾಲ್ತಿಯಲ್ಲಿತ್ತು. ಅಂಥ ಲೆಕ್ಕದಲ್ಲಿ ಸೋತ ಪಂದ್ಯದ ಒಂದೊಂದು ಅಂಕಕ್ಕೂ ಬೆಲೆ. ಪರಿಚಯವಿಲ್ಲದ ಚೆಂಡಿನಿಂದ ತಪ್ಪಿದ ನಾಲ್ಕು ಫ್ರೀ ಥ್ರೋ ಇಡೀ ಸರಣಿಯನ್ನೇ ಕಸಿಯಬಲ್ಲದು. ನಮ್ಮ ನಾಕೌಟಿನಲ್ಲಂತೂ ಎರಡನೇ ಪಂದ್ಯವೇ ಇಲ್ಲ. ಸೋತವರು ಅದೇ ಸಂಜೆ ಬಸ್ಸು ಹತ್ತುತ್ತಾರೆ.

ಒಂದು ದಿನದ ಪಂದ್ಯಾವಳಿಗೆ ಎಷ್ಟು ಬೇಕು? ಪಂದ್ಯಕ್ಕೆ ಎರಡು, ವಾರ್ಮ್-ಅಪ್‌ಗೆ ತಂಡಕ್ಕೆ ಮೂರರಂತೆ ಆರು, ಒಟ್ಟು ಎಂಟು. ಎಂಟೂ ಒಂದೇ ಮಾಡೆಲ್ ಆಗಿರಲಿ. ಒಟ್ಟಿಗೆ ಕೊಂಡರೆ ಅಂಗಡಿಯವರೂ ಬೆಲೆಯಲ್ಲಿ ಸ್ವಲ್ಪ ಬಿಡುತ್ತಾರೆ. ಪಂದ್ಯದ ಎರಡಕ್ಕೆ ವಾಲ್ವಿನ ಪಕ್ಕ ಮಾರ್ಕರಿನಲ್ಲಿ ಗುರುತು ಹಾಕಿ, ವಾರ್ಮ್-ಅಪ್ ಗುಂಪಿಗೆ ಸೇರಿಸಬೇಡಿ. ಸ್ಕೋರರ್ ಮೇಜಿನ ಮೇಲೆ ಪಂಪು, ಗೇಜ್, ಒಣ ಬಟ್ಟೆ, ಕಡಿಮೆಯೆಂದರೆ ನಾಲ್ಕು ಸೂಜಿ ಇಟ್ಟುಕೊಳ್ಳಿ. ಸೂಜಿ ಮುರಿಯುವುದು ಯಾವಾಗಲೂ ಭಾನುವಾರ, ಅಂಗಡಿ ಮುಚ್ಚಿರುವಾಗಲೇ.